ಒಡಹುಟ್ಟಿದವರ ಎದೆಯನ್ನೂ ಒಮ್ಮೆ ನೋಡಿಸಿ

1986ರ ಜನವರಿ 24. ಜಪಾನಿನ ಮಾತ್ಸುಯೆ ಪಟ್ಟಣದಲ್ಲಿ ಮಹಿಳೆಯರ ವಾಲಿಬಾಲ್ ಲೀಗ್ ಪಂದ್ಯ ನಡೆದಿತ್ತು. ಅಲ್ಲಿನ ಕ್ಲಬ್ ತಂಡವೊಂದಕ್ಕೆ ಆಡುತ್ತಿದ್ದ ಅಮೆರಿಕದ ಫ್ಲೋ ಹೈಮನ್, ಬದಲಿ ಆಟಗಾರ್ತಿಗೆ ಜಾಗ ಬಿಟ್ಟುಕೊಟ್ಟು ಬೆಂಚಿಗೆ ಬಂದು ಕೂತರು. ಅಂಕಣದಲ್ಲಿದ್ದ ಗೆಳತಿಯರನ್ನು ಹುರಿದುಂಬಿಸುತ್ತಿದ್ದವರು ಕೂತಲ್ಲಿಂದಲೇ ಕುಸಿದುಬಿದ್ದರು. ಆ ಸಂಜೆಯೇ ತೀರಿಕೊಂಡರು. ವಯಸ್ಸು 31. ಎತ್ತರ ಆರು ಅಡಿ ಐದು ಅಂಗುಲ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದ ತಾರೆ. ಅವರ ಹೊಡೆತದ ಬಿರುಸಿಗೆ ಎದುರಾಳಿಗಳು ಹಿಂದೆ ಸರಿಯುತ್ತಿದ್ದರು.

ಹೃದಯಾಘಾತ ಎಂದು ಮೊದಲು ಸುದ್ದಿಯಾಯಿತು. ಕ್ಯಾಲಿಫೋರ್ನಿಯಾದಲ್ಲಿದ್ದ ಮನೆಯವರಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಇಷ್ಟು ಗಟ್ಟಿಮುಟ್ಟಾದ ಹುಡುಗಿಗೆ ಹೃದಯಾಘಾತ ಹೇಗೆ ಎಂದು ಕೇಳಿದರು, ಮರಣೋತ್ತರ ಪರೀಕ್ಷೆ ಮಾಡಿಸಿದರು. ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ, ಹೃದಯಕ್ಕಿಂತ ಒಂದಂಗುಲಕ್ಕೂ ಕಡಿಮೆ ಅಂತರದಲ್ಲಿ, ಸಣ್ಣ ನಾಣ್ಯದಗಲದ ದುರ್ಬಲ ಜಾಗ ಕಂಡಿತು. ನಾಳ ಒಡೆದದ್ದು ಅಲ್ಲಿ. ಅದೇ ಜಾಗ ಕೆಲವು ವಾರಗಳ ಹಿಂದೆಯೂ ಒಮ್ಮೆ ಸೀಳಿ, ರಕ್ತ ಹೆಪ್ಪುಗಟ್ಟಿ, ಮಾಯಲು ಶುರುವಾಗಿದ್ದ ಗುರುತೂ ಇತ್ತು. ಆ ವಾರಗಳಲ್ಲೂ ಅವರು ಆಡುತ್ತಲೇ ಇದ್ದರು. ಇದರ ಹಿಂದೆ ಇದ್ದದ್ದು ಮಾರ್ಫನ್ ಸಿಂಡ್ರೋಮ್ ಎಂಬ ಹುಟ್ಟಿನಿಂದ ಬರುವ ತೊಂದರೆ. ಬದುಕಿದ್ದಾಗ ಯಾರೂ ಅದನ್ನು ಗುರುತಿಸಿರಲಿಲ್ಲ.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಆಕೆಯ ಸಹೋದರನನ್ನೂ ತಪಾಸಣೆ ಮಾಡಿದರು. ಅವರಲ್ಲೂ ಅದೇ ಸಿಂಡ್ರೋಮ್ ಇತ್ತು. ಶಸ್ತ್ರಚಿಕಿತ್ಸೆಯಾಯಿತು, ಜೀವ ಉಳಿಯಿತು. ಮನೆಯವರು ಅಂದು ‘ಹಾರ್ಟ್ ಅಟ್ಯಾಕ್ ಅಂತೆ’ ಎಂದು ಸುಮ್ಮನಾಗಿದ್ದರೆ ಆ ಮನೆ ಎರಡನೇ ಸಾವಿಗೆ ಕಾಯುತ್ತಿರುತ್ತಿತ್ತು. ಒಂದು ಮನೆಯಲ್ಲಿ ಮಹಾಪಧಮನಿ ಒಡೆದು ಒಬ್ಬರು ಹೋದರೆ, ಉಳಿದವರ ಎದೆಯಲ್ಲಿ ಏನಿದೆ ಎಂದು ನೋಡಿಸುವುದು ಉತ್ತರಕ್ರಿಯೆಯಷ್ಟೇ ತಪ್ಪಿಸಬಾರದ ಕೆಲಸ ಎಂದು ನಾನು ನಂಬಿದ್ದೇನೆ. ನಮ್ಮಲ್ಲಿ ಆ ಕೆಲಸ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಹೊಳೆಯುವುದೂ ಇಲ್ಲ.

ಮಹಾಪಧಮನಿ, ಡಾಕ್ಟರುಗಳ ಬಾಯಲ್ಲಿ ಅಯೋರ್ಟಾ, ದೇಹದ ಅತಿ ದೊಡ್ಡ ರಕ್ತನಾಳ. ಹೃದಯದ ಎಡಭಾಗದಿಂದ ಮೇಲೆದ್ದು, ಎದೆಯೊಳಗೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲೇ ಇಳಿದು ಹೊಟ್ಟೆಯವರೆಗೆ ಹೋಗುತ್ತದೆ. ಮಿದುಳಿಗೆ, ಕೈಕಾಲಿಗೆ, ಮೂತ್ರಪಿಂಡಕ್ಕೆ ಹೋಗುವ ಕವಲುಗಳೆಲ್ಲ ಇದರವೇ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಹೃದಯ ಬಡಿಯುತ್ತದೆ, ಪ್ರತಿ ಬಡಿತದ ಹೊಡೆತವನ್ನೂ ಮೊದಲು ತಾಳಿಕೊಳ್ಳುವುದು ಈ ನಾಳದ ಗೋಡೆ. ಹಿಗ್ಗಿ ಮತ್ತೆ ಕುಗ್ಗಲು ಬೇಕಾದ ನಾರುಗಳನ್ನು ಕೆಲವರ ದೇಹ ಹುಟ್ಟಿನಿಂದಲೇ ಸರಿಯಾಗಿ ಕಟ್ಟಿರುವುದಿಲ್ಲ. ಅಂಥವರಲ್ಲಿ ನಾಳ ವರ್ಷವರ್ಷಕ್ಕೆ ಮಿಲಿಮೀಟರಿನ ಲೆಕ್ಕದಲ್ಲಿ ಅಗಲವಾಗುತ್ತ ಹೋಗುತ್ತದೆ. ನೋವಿಲ್ಲ, ಸುಸ್ತಿಲ್ಲ, ಸುಳಿವೇ ಇಲ್ಲ. ಒಂದು ದಿನ ಒಳಪದರ ಬಿರಿಯುತ್ತದೆ. ಹೊಲಿಗೆ ಬಿಟ್ಟ ಕೌದಿಯ ಪದರಗಳ ಹಾಗೆ ಗೋಡೆಯ ಪದರಗಳು ಬೇರಾಗಿ, ನಡುವೆ ರಕ್ತ ನುಗ್ಗುತ್ತದೆ. ಇದನ್ನೇ ಡಿಸೆಕ್ಷನ್ ಎನ್ನುವುದು. ಹೃದಯಕ್ಕೆ ಹತ್ತಿರದ ಭಾಗದಲ್ಲಿ ಹೀಗಾದರೆ, ಶಸ್ತ್ರಚಿಕಿತ್ಸೆ ಸಿಗದಿದ್ದಲ್ಲಿ, ಮೊದಲ ಎರಡು ದಿನ ಗಂಟೆಗೆ ನೂರಕ್ಕೆ ಒಬ್ಬಿಬ್ಬರಂತೆ ಸಾಯುತ್ತಾರೆ ಎಂಬುದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದ ಲೆಕ್ಕ.

ಸೀಳು ಯಾವ ಕವಲನ್ನು ಮುಚ್ಚಿತೋ ಅದರ ಮೇಲೆ ಲಕ್ಷಣ ಬದಲಾಗುತ್ತದೆ. ಮಿದುಳಿನ ಕವಲು ಮುಚ್ಚಿದರೆ ಪಾರ್ಶ್ವವಾಯು ಎನಿಸುತ್ತದೆ, ಹೊಟ್ಟೆಯ ಕಡೆಗಾದರೆ ವಾಂತಿ, ಹೊಟ್ಟೆನೋವು, ಹೃದಯದ ಸ್ವಂತ ನಾಳಕ್ಕೇ ಬಂದರೆ ನಿಜವಾದ ಹೃದಯಾಘಾತದಂತೆಯೇ ತೋರುತ್ತದೆ. ‘ರೆಂಟ್’ ಎಂಬ ಸಂಗೀತನಾಟಕ ಬರೆದ ಜೊನಾಥನ್ ಲಾರ್ಸನ್ ಎದೆನೋವೆಂದು ನ್ಯೂಯಾರ್ಕಿನ ಎರಡು ಆಸ್ಪತ್ರೆಗಳಿಗೆ ಹೋದರು. ಒಂದು ಕಡೆ ಊಟದ ವಿಷಬಾಧೆ ಎಂದರು, ಇನ್ನೊಂದು ಕಡೆ ವೈರಸ್ ಜ್ವರ ಎಂದರು. 1996ರ ಜನವರಿ 25ರಂದು, ನಾಟಕದ ಮೊದಲ ಪೂರ್ವಪ್ರದರ್ಶನದ ದಿನವೇ, ಅವರು ಮನೆಯಲ್ಲಿ ಸತ್ತುಬಿದ್ದಿದ್ದರು. ವಯಸ್ಸು 35. ಒಡೆದದ್ದು ಅಯೋರ್ಟಾ.

ಏಳು ವರ್ಷದ ಮೇಲೆ, 2003ರ ಸೆಪ್ಟೆಂಬರ್ 11ರಂದು, ಹಾಸ್ಯನಟ ಜಾನ್ ರಿಟ್ಟರ್ ಲಾಸ್ ಏಂಜಲಿಸ್ ಬಳಿಯ ಬರ್ಬ್ಯಾಂಕಿನಲ್ಲಿ ಶೂಟಿಂಗ್ ನಡುವೆ ಅಸ್ವಸ್ಥರಾದರು. ಹೃದಯಾಘಾತವೆಂದು ಚಿಕಿತ್ಸೆ ಶುರುವಾಯಿತು. ಅದೇ ರಾತ್ರಿ ತೀರಿಕೊಂಡರು. ಇನ್ನಾರು ದಿನ ಕಳೆದಿದ್ದರೆ 55 ತುಂಬುತ್ತಿತ್ತು. ಸೀಳಿದ್ದು ಇಲ್ಲೂ ಅದೇ ನಾಳ. ಹೃದಯಾಘಾತಕ್ಕೆ ಕೊಡುವ ರಕ್ತ ತೆಳುವಾಗಿಸುವ ಔಷಧಿ ಡಿಸೆಕ್ಷನ್ ಆದವರಿಗೆ ಅಪಾಯ ತರುವಂಥದ್ದು. ಹೀಗಾಗಿ ಎರಡನ್ನೂ ಬೇರೆಬೇರೆಯಾಗಿ ಗುರುತಿಸುವುದರಲ್ಲೇ ಜೀವ ಇದೆ. ಆಮೇಲೆ ಜಾನ್ ಅವರ ಅಣ್ಣ ಟಾಮ್ ಸ್ಕ್ಯಾನ್ ಮಾಡಿಸಿಕೊಂಡರು. ಅವರ ಮಹಾಪಧಮನಿಯೂ ಊದಿಕೊಂಡಿತ್ತು. ಸೀಳುವ ಮೊದಲೇ ಆಪರೇಷನ್ ಆಯಿತು. ತಂದೆ ಟೆಕ್ಸ್ ರಿಟ್ಟರ್ ಹೆಸರಾಂತ ಹಾಡುಗಾರ, ನಟ. ಅವರು 1974ರಲ್ಲಿ ಹಠಾತ್ತಾಗಿ ಸತ್ತಾಗ ಹೃದಯಾಘಾತವೆಂದೇ ಬರೆದುಕೊಂಡಿದ್ದರು. ಅದೂ ಇದೇ ಆಗಿತ್ತೇ ಎಂಬ ಪ್ರಶ್ನೆ ಆ ಮನೆಯವರನ್ನು ಮಗನ ಸಾವಿನ ನಂತರ ಕಾಡಿತು. ಜಾನ್ ಪತ್ನಿ ಆಮಿ ಯಾಸ್ಬೆಕ್ ಗಂಡನ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿದರು. 2010ರಲ್ಲಿ ಅವರ ಪ್ರಯತ್ನದಿಂದ ಹೊರಬಂದ ‘ರಿಟ್ಟರ್ ರೂಲ್ಸ್’ ಎಂಬ ಎಚ್ಚರಿಕೆಯ ಸೂತ್ರಗಳಲ್ಲಿ ಮನೆತನದ ಇತಿಹಾಸಕ್ಕೆ ಮುಖ್ಯ ಜಾಗವಿದೆ.

ಟೆಕ್ಸ್ ರಿಟ್ಟರ್ ಸಾವಿನ ಬಗ್ಗೆ ಓದುವಾಗ ನಮ್ಮ ಮನೆಗಳೇ ಕಣ್ಣಮುಂದೆ ಬರುತ್ತವೆ. ‘ನಮ್ಮ ದೊಡ್ಡಪ್ಪ ಹೊಲದಲ್ಲೇ ಹೋಗಿಬಿಟ್ಟರು, ಹಾರ್ಟು’, ‘ಸೋದರತ್ತೆ ಬಾಣಂತನದಲ್ಲಿ ತೀರಿಕೊಂಡಳು’, ‘ಚಿಕ್ಕಪ್ಪನಿಗೆ ಬೆನ್ನುನೋವು ಬಂತು, ಬೆಳಗಾಗೋದ್ರೊಳಗೆ ಇಲ್ಲ’. ನಾಲ್ವತ್ತರ ಆಸುಪಾಸಿನ ಇಂಥ ಮೂರು ಸಾವು ಒಂದೇ ಮನೆತನದಲ್ಲಿ ಆಗಿದ್ದರೂ ಯಾರೂ ಪೋಣಿಸಿ ನೋಡುವುದಿಲ್ಲ. ಹಣೆಬರಹ ಎನ್ನುತ್ತೇವೆ, ಮನೆದೇವರಿಗೆ ಹರಕೆ ಹೊರುತ್ತೇವೆ.

2025ರ ಮಳೆಗಾಲದ ಆರಂಭದಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದದ್ದು ನೆನಪಿರಬಹುದು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೃದಯ ತಪಾಸಣೆಗೆ ಹೀಗೆಯೇ ಜನ ಮುಗಿಬಿದ್ದಿದ್ದರು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸಾಲಿನಲ್ಲಿ ನಿಂತವರಲ್ಲಿ ಬಹುಪಾಲು ಜನರ ಕೈಗೆ ಸಿಗುವುದು ಒಂದು ಇಸಿಜಿ. ಅಯೋರ್ಟಾ ಐದು ಸೆಂಟಿಮೀಟರ್ ಊದಿಕೊಂಡವನ ಇಸಿಜಿಯೂ ಪೂರ್ತಿ ನಾರ್ಮಲ್ ಬರಬಹುದು. ಟ್ರೆಡ್‌ಮಿಲ್ ಪರೀಕ್ಷೆಯಲ್ಲೂ ಅವನು ಪಾಸಾಗಬಹುದು. ಇತ್ತ, ಅಣ್ಣನನ್ನು ಹೋದ ವರ್ಷ ಕಳೆದುಕೊಂಡ ತಮ್ಮ, ಯಾರೂ ಹೇಳದ ಕಾರಣ, ಮನೆಯಲ್ಲೇ ಇರುತ್ತಾನೆ.

ಹಾಸನದ ಗದ್ದಲದಿಂದ ಒಂದು ಒಳ್ಳೆಯ ಮಾತು ಹೊರಬಂತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಕಡ್ಡಾಯವಾಗಬೇಕು ಎಂಬ ತೀರ್ಮಾನವನ್ನು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆ ಜುಲೈನಲ್ಲಿ ಪ್ರಕಟಿಸಿದರು. ‘ಹೋದ ಜೀವ ಹೋಯಿತು, ಇನ್ನು ಕೊಯ್ಯಿಸಿ ಏನಾಗಬೇಕು’ ಎಂಬುದು ಸಾವಿನ ಮನೆಯಲ್ಲಿ ಸಹಜವಾಗಿ ಬರುವ ಮಾತು. ಆ ದುಃಖದಲ್ಲಿ ಅದನ್ನು ಆಡುವವರ ಮೇಲೆ ಸಿಟ್ಟಾಗಲು ಸಾಧ್ಯವಿಲ್ಲ. ಆದರೂ ಹೇಳಬೇಕು: ಆ ಪರೀಕ್ಷೆಯ ಕಾಗದ ಸತ್ತವರಿಗಾಗಿ ಅಲ್ಲ, ಅಂಗಳದಲ್ಲಿ ನಿಂತು ಅಳುತ್ತಿರುವ ಮಕ್ಕಳಿಗಾಗಿ. ಫ್ಲೋ ಹೈಮನ್ ಮನೆಯಲ್ಲಿ ಆದದ್ದು ಅದೇ.

ಇನ್ನು ವಂಶದ ಮಾತು. ಪ್ಯಾರಿಸ್ಸಿನ ಮಕ್ಕಳ ವೈದ್ಯ ಆಂಟ್ವಾನ್ ಮಾರ್ಫನ್ 1896ರಲ್ಲಿ ಗೇಬ್ರಿಯೆಲ್ ಎಂಬ ಐದು ವರ್ಷದ ಹುಡುಗಿಯ ನೀಳ ಬೆರಳು, ಸಣಕಲು ಕೈಕಾಲುಗಳನ್ನು ವರ್ಣಿಸಿದ. ಅದರ ಹಿಂದಿನ ಜೀನ್ ಸಿಕ್ಕಿದ್ದು 1991ರಲ್ಲಿ. 15ನೇ ವರ್ಣತಂತುವಿನ ಮೇಲಿರುವ ಎಫ್‌ಬಿಎನ್1, ನಾಳದ ಗೋಡೆಗೆ ಬಿಗಿ ಕೊಡುವ ಫೈಬ್ರಿಲಿನ್ ಎಂಬ ಪ್ರೋಟೀನಿನ ಸೂಚನೆ ಹೊತ್ತ ಜೀನ್. ಸುಮಾರು 5,000 ಜನರಲ್ಲಿ ಒಬ್ಬರಿಗೆ ಮಾರ್ಫನ್ ಇರುತ್ತದೆ. ಗುರುತಿಸಲು ಎರಡು ಸುಲಭದ ಪರೀಕ್ಷೆಗಳಿವೆ. ಹೆಬ್ಬೆರಳನ್ನು ಅಂಗೈಗೆ ಅಡ್ಡಲಾಗಿ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚಿ ಮುಷ್ಟಿ ಮಾಡಬೇಕು. ಹೆಬ್ಬೆರಳಿನ ಉಗುರಷ್ಟೂ ಕಿರುಬೆರಳಿನ ಆಚೆ ಇಣುಕಿದರೆ ಒಂದು ಗುರುತು. ಒಂದು ಕೈಯ ಹೆಬ್ಬೆರಳು, ಕಿರುಬೆರಳಿನಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಬಳಸಿ ಹಿಡಿದಾಗ ಆ ಎರಡು ಉಗುರುಗಳು ಒಂದರ ಮೇಲೊಂದು ಕೂತರೆ ಇನ್ನೊಂದು. ಇವಿದ್ದವರಿಗೆಲ್ಲ ರೋಗವಿದೆ ಎಂದಲ್ಲ. ಆದರೆ ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ, ಚಿಕ್ಕ ವಯಸ್ಸಿಗೇ ದಪ್ಪ ಕನ್ನಡಕ, ಎದೆಗೂಡು ಒಳಗೆ ಕುಸಿದಿರುವುದು ಅಥವಾ ಮುಂದೆ ಉಬ್ಬಿರುವುದು, ಬೆನ್ನು ಓರೆ, ಇವೆಲ್ಲ ಒಬ್ಬರಲ್ಲೇ ಕೂಡಿದ್ದರೆ ಶಾಲೆಯ ಪಿ.ಟಿ. ಮೇಷ್ಟ್ರು ಆ ಮಗುವನ್ನು ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿಸುವ ಮೊದಲು ಡಾಕ್ಟರಿಗೆ ತೋರಿಸಲು ಹೇಳಬೇಕು.

ಕಷ್ಟ ಇರುವುದು ಈ ಗುರುತುಗಳು ಯಾವುವೂ ಇಲ್ಲದವರಲ್ಲಿ. 2005ರಲ್ಲಿ ಲೋಯಸ್-ಡೀಟ್ಸ್ ಎಂಬ ಇನ್ನೊಂದು ಸಿಂಡ್ರೋಮ್ ಬೆಳಕಿಗೆ ಬಂತು. ಅದರಲ್ಲಿ ನಾಳ ಹೆಚ್ಚು ಅಗಲವಾಗುವ ಮೊದಲೇ ಸೀಳಬಹುದು. 2007ರಲ್ಲಿ ಹ್ಯೂಸ್ಟನ್ನಿನ ಡಯಾನಾ ಮಿಲೆವಿಚ್ ತಂಡ ಎಸಿಟಿಎ2 ಎಂಬ ಜೀನಿನ ದೋಷ ಗುರುತಿಸಿತು. ಈ ದೋಷ ಇದ್ದವರು ಸಾಮಾನ್ಯ ಎತ್ತರದ, ಸಾಮಾನ್ಯ ಬೆರಳುಗಳ, ಬೀದಿಯಲ್ಲಿ ಎದುರಾದರೆ ಏನೂ ಅನಿಸದ ಜನ. ಎದೆಯ ಮಹಾಪಧಮನಿ ಊದಿಕೊಂಡು ಅಥವಾ ಸೀಳಿಕೊಂಡು ಬರುವ, ಯಾವ ಸಿಂಡ್ರೋಮೂ ಇಲ್ಲದವರಲ್ಲಿ ಸುಮಾರು ಐವರಲ್ಲಿ ಒಬ್ಬರ ಹತ್ತಿರದ ರಕ್ತಸಂಬಂಧಿಗೆ ಅದೇ ತೊಂದರೆ ಇರುತ್ತದೆ. ಮೂರು ಎಸಳಿರಬೇಕಾದ ಅಯೋರ್ಟಾ ಕವಾಟ ಎರಡೇ ಎಸಳಿನದಾಗಿರುವುದು ನೂರಕ್ಕೆ ಒಬ್ಬಿಬ್ಬರಲ್ಲಿದೆ. ಅದೂ ಮನೆತನದಲ್ಲಿ ಹರಿಯುತ್ತದೆ, ಅಂಥವರ ನಾಳವೂ ಊದಿಕೊಳ್ಳಬಹುದು.

ಈ ಜೀನ್‌ಗಳ ಬಹುಪಾಲು ದೋಷಗಳು ತಂದೆ ಅಥವಾ ತಾಯಿ ಒಬ್ಬರಿಂದಲೇ ಬರಬಲ್ಲವು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಹೆಣ್ಣು ಗಂಡು ಭೇದವಿಲ್ಲ. ಮಾರ್ಫನ್ ಇರುವ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ತಂದೆತಾಯಿಯಲ್ಲಿಲ್ಲದ ಹೊಸ ದೋಷ ತನ್ನಲ್ಲೇ ಹುಟ್ಟಿರುತ್ತದೆ. ಇಬ್ಬರಿಂದಲೂ ಬಂದರೆ ಮಾತ್ರ ಕಾಡುವ ಬಗೆಯೂ ಉಂಟು. ಕೊಚ್ಚಿಯ ಅಮೃತಾ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ 22 ಶಿಶುಗಳ ಕಥೆ ಇದೆ. ಎಲ್ಲರಲ್ಲೂ ಎಫ್‌ಬಿಎಲ್‌ಎನ್4 ಜೀನಿನ ಒಂದೇ ದೋಷ, ಎಲ್ಲರಲ್ಲೂ ಪ್ರಾಣಕ್ಕೇ ಕುತ್ತಾಗುವಷ್ಟು ಕೆಟ್ಟ ಮಹಾಪಧಮನಿ. ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಮದುವೆಯಾಗುವ ನಮ್ಮ ದಕ್ಷಿಣದ ಮನೆಗಳು ಆ ವರದಿಯನ್ನು ಪಕ್ಕದ ರಾಜ್ಯದ ಸುದ್ದಿ ಎಂದು ಬದಿಗಿಡುವ ಹಾಗಿಲ್ಲ.

ಹಾಗಾದರೆ ಯಾರನ್ನು ನೋಡಿಸಬೇಕು? ಎದೆಯ ಅಯೋರ್ಟಾ ಊದಿಕೊಂಡವರ ಅಥವಾ ಸೀಳಿದವರ ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು. ಶುರುವಿಗೆ ಬೇಕಾದದ್ದು ಎಕೋ. ಎಡಮಗ್ಗುಲಿಗೆ ಮಲಗಿಸುತ್ತಾರೆ, ಎದೆಗೆ ತಣ್ಣನೆಯ ಜೆಲ್ ಹಚ್ಚಿ ಪ್ರೋಬ್ ಆಡಿಸುತ್ತಾರೆ, ಪರದೆಯ ಮೇಲೆ ಕಪ್ಪುಬಿಳುಪಿನಲ್ಲಿ ಕವಾಟ ಬಡಿಯುತ್ತಿರುತ್ತದೆ. ಚುಚ್ಚುವುದಿಲ್ಲ, ಕ್ಷಕಿರಣವಿಲ್ಲ. ತಾಲ್ಲೂಕು ಊರುಗಳಲ್ಲೂ ಈಗ ಎಕೋ ಯಂತ್ರವಿದೆ. ಆದರೆ ವರದಿ ಕೈಗೆ ಬಂದಾಗ ನಾವು ಓದುವುದು ಒಂದೇ ಸಾಲು: ಪಂಪಿಂಗ್ 60 ಪರ್ಸೆಂಟ್, ನಾರ್ಮಲ್. ಅದು ಹೃದಯದ ಸ್ನಾಯುವಿನ ಶಕ್ತಿಯ ಲೆಕ್ಕ. ಅಯೋರ್ಟಾ ಬುಡದ ಅಗಲ ಬೇರೆ ಕಡೆ ಮಿಲಿಮೀಟರಿನಲ್ಲಿ ಇರುತ್ತದೆ, ಕೆಲವೊಮ್ಮೆ ಬರೆದೇ ಇರುವುದಿಲ್ಲ. ಆದ್ದರಿಂದ ಮಲಗುವ ಮೊದಲೇ ಹೇಳಿ: ‘ಡಾಕ್ಟ್ರೇ, ನಮ್ಮಣ್ಣನಿಗೆ ಅಯೋರ್ಟಾ ಸೀಳಿತ್ತು. ಅದರ ಬುಡದ ಅಳತೆ, ಮೇಲಿನ ಭಾಗದ ಅಳತೆ ಎರಡನ್ನೂ ಬರೆದುಕೊಡಿ, ಕವಾಟಕ್ಕೆ ಎಷ್ಟು ಎಸಳಿದೆ ನೋಡಿ.’ ದೊಡ್ಡವರಲ್ಲಿ ಬುಡದ ಅಗಲ ಸಾಮಾನ್ಯವಾಗಿ 4 ಸೆಂಟಿಮೀಟರಿನ ಒಳಗಿರುತ್ತದೆ. ಮಕ್ಕಳಲ್ಲಿ, ಗಿಡ್ಡ ಮೈಕಟ್ಟಿನವರಲ್ಲಿ ಎತ್ತರಕ್ಕೆ ತಕ್ಕಂತೆ ಲೆಕ್ಕ ಹಾಕಬೇಕು. ಎಕೋಗೆ ಬುಡ ಚೆನ್ನಾಗಿ ಕಾಣುತ್ತದೆ, ಬಾಗು ಮತ್ತು ಬೆನ್ನಿನ ಕಡೆ ಇಳಿಯುವ ಭಾಗ ಅಷ್ಟಾಗಿ ಕಾಣುವುದಿಲ್ಲ. ಅನುಮಾನವಿದ್ದರೆ ಸಿಟಿ ಅಥವಾ ಎಂಆರ್‌ಐ ಮಾಡಿಸಬೇಕಾಗುತ್ತದೆ.

ಒಮ್ಮೆ ಎಕೋ ಸರಿ ಬಂದರೆ ಜೀವಮಾನಕ್ಕೆ ಸರ್ಟಿಫಿಕೇಟು ಸಿಕ್ಕಿತು ಎಂದಲ್ಲ. ಇಪ್ಪತ್ತರಲ್ಲಿ ಸರಿಯಿದ್ದದ್ದು ನಲವತ್ತರಲ್ಲಿ ಊದಿರಬಹುದು. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಮತ್ತೆ ನೋಡಿಸಬೇಕು, ಎಷ್ಟು ದಿನಕ್ಕೆ ಎಂಬುದನ್ನು ಹೃದ್ರೋಗ ತಜ್ಞರು ನಿರ್ಧರಿಸುತ್ತಾರೆ. ಜೀನ್ ಪರೀಕ್ಷೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಅದನ್ನು ಮೊದಲು ರೋಗ ಇರುವವರಿಗೇ ಮಾಡಬೇಕು. ಅವರಲ್ಲಿ ದೋಷ ಖಚಿತವಾಗಿ ಸಿಕ್ಕಿದರೆ ಮನೆಯವರಲ್ಲಿ ಆ ಒಂದೇ ಜಾಗ ಹುಡುಕಿದರೆ ಸಾಕು. ಕೆಲವೊಮ್ಮೆ ‘ಅರ್ಥ ಸ್ಪಷ್ಟವಿಲ್ಲದ ಬದಲಾವಣೆ’ ಎಂಬ ಉತ್ತರ ಬರುತ್ತದೆ, ಏನೂ ಸಿಗದೆಯೂ ಹೋಗಬಹುದು. ಆಗ ಎಕೋವನ್ನೇ ನಂಬಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಇದನ್ನೆಲ್ಲ ಬಿಡಿಸಿ ಹೇಳುವ ತಜ್ಞರಿದ್ದಾರೆ. ಅವರ ಜತೆ ಕೂತು ಮಾತಾಡದೆ ಲ್ಯಾಬಿಗೆ ನೇರವಾಗಿ ರಕ್ತ ಕೊಟ್ಟು ವರದಿ ತರಿಸಿಕೊಳ್ಳುವುದು ಒಳ್ಳೆಯದಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ ಮನೆಗಳು ಹಿಂಜರಿಯುತ್ತವೆ. ಕಾರಣ ದುಡ್ಡಲ್ಲ, ಮದುವೆ. ‘ತಂಗಿಯದ್ದೊಂದು ಆಗಿಬಿಡಲಿ, ಆಮೇಲೆ ನೋಡಿಸೋಣ.’ ಈ ಮಾತಿನ ಹಿಂದಿನ ಪ್ರೀತಿ, ಅಂಜಿಕೆ ಎರಡೂ ನಿಜ. ಆದರೆ ಅಪಾಯ ಅತಿ ಹೆಚ್ಚಾಗುವುದು ಆ ತಂಗಿಗೇ. ಗರ್ಭದ ಕೊನೆಯ ತಿಂಗಳುಗಳಲ್ಲಿ, ಹೆರಿಗೆಯಲ್ಲಿ, ಬಾಣಂತನದ ಮೊದಲ ವಾರಗಳಲ್ಲಿ ದುರ್ಬಲ ಮಹಾಪಧಮನಿಯ ಮೇಲೆ ಬೀಳುವ ಹೊರೆ ಬೇರೆ ಯಾವ ಕಾಲದಲ್ಲೂ ಬೀಳುವುದಿಲ್ಲ. ಮಾರ್ಫನ್ ಇದ್ದು ಬುಡ 4.5 ಸೆಂಟಿಮೀಟರ್ ದಾಟಿದ್ದರೆ ಗರ್ಭ ಧರಿಸುವ ಮೊದಲೇ ಶಸ್ತ್ರಚಿಕಿತ್ಸೆಗೆ ವೈದ್ಯರು ಸಲಹೆ ಕೊಡುವುದು ಇದಕ್ಕೇ. ನುಂಗುತ್ತಿರುವ ಮಾತ್ರೆಯನ್ನೂ ಬದಲಿಸಬೇಕಾಗುತ್ತದೆ, ಏಕೆಂದರೆ ಇಂಥವರಿಗೆ ಕೊಡುವ ಲೊಸಾರ್ಟನ್ ಎಂಬ ಮಾತ್ರೆ ಬಸುರಿಯರಿಗೆ ಆಗದು. ಇದನ್ನೆಲ್ಲ ಮುಚ್ಚಿಟ್ಟು ಮದುವೆ ಮಾಡಿದರೆ ಅವಳನ್ನು ನೋಡುವ ಹೆರಿಗೆ ಡಾಕ್ಟರಿಗೂ ವಿಷಯ ಗೊತ್ತಿರುವುದಿಲ್ಲ. ಹುಡುಗಿಯ ಜಾತಕವನ್ನು ಮೂರು ಕಡೆ ತೋರಿಸುವ ನಾವು ಒಂದು ಎಕೋಗೆ ಹೆದರುವುದು ನನಗೆ ನೋವು ತರುತ್ತದೆ.

ಗೊತ್ತಾದರೆ ಮಾಡಬಹುದಾದದ್ದು ಬೇಕಾದಷ್ಟಿದೆ. ಬಿ.ಪಿ. ಹಿಡಿತದಲ್ಲಿಡುವುದು, ಬೀಡಿ ಸಿಗರೇಟು ಬಿಡುವುದು, ಹೃದಯದ ಹೊಡೆತ ಮೆದುವಾಗಿಸುವ ಬೀಟಾ ಬ್ಲಾಕರ್ ಅಥವಾ ಲೊಸಾರ್ಟನ್ ಜಾತಿಯ ಮಾತ್ರೆ ನುಂಗುವುದು. ನಡಿಗೆ, ಹಗುರ ಸೈಕಲ್ ಸವಾರಿ ಸರಿ. ಜಿಮ್‌ನಲ್ಲಿ ಉಸಿರು ಬಿಗಿಹಿಡಿದು ಭಾರ ಎತ್ತುವುದು, ಮೂಟೆ ಹೊರುವುದು ಬೇಡ. ಇನ್ನೊಂದು ವಿಷಯ ನಮ್ಮ ಮೆಡಿಕಲ್ ಶಾಪ್‌ಗಳ ಕಾಲಕ್ಕೆ ಬಹಳ ಮುಖ್ಯ: ಭೇದಿಗೆ, ಉರಿಮೂತ್ರಕ್ಕೆ ಚೀಟಿಯಿಲ್ಲದೆ ಕೊಳ್ಳುವ ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಮಾತ್ರೆಗಳನ್ನು ಅಯೋರ್ಟಾ ಊದಿಕೊಂಡವರಿಗೆ, ಮಾರ್ಫನ್ ಇರುವವರಿಗೆ ಬೇರೆ ದಾರಿ ಇದ್ದಲ್ಲಿ ಕೊಡಬಾರದು ಎಂದು ಅಮೆರಿಕದ ಔಷಧ ನಿಯಂತ್ರಕರು 2018ರ ಡಿಸೆಂಬರ್‌ನಲ್ಲೇ ಎಚ್ಚರಿಸಿದ್ದಾರೆ.

ನಾಳ ಸಾಮಾನ್ಯವಾಗಿ 5.5, ಮಾರ್ಫನ್ ಇದ್ದವರಲ್ಲಿ 5 ಸೆಂಟಿಮೀಟರ್ ಮುಟ್ಟಿದಾಗ, ಕೆಲವು ಜೀನ್ ದೋಷಗಳಲ್ಲಿ ಅದಕ್ಕಿಂತ ಮೊದಲೇ, ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. 1968ರಲ್ಲಿ ಲಂಡನ್ನಿನ ಹ್ಯೂ ಬೆಂಟಾಲ್ ತೋರಿಸಿದ ದಾರಿಯಲ್ಲಿ ನಾಳದ ಬುಡ, ಕವಾಟ ಎರಡನ್ನೂ ತೆಗೆದು ಕೃತಕ ಕೊಳವೆ ಕೂಡಿಸುತ್ತಾರೆ. ಆಮೇಲೆ ಟೊರಾಂಟೊದ ಟಿರೋನ್ ಡೇವಿಡ್ ರೋಗಿಯ ಸ್ವಂತ ಕವಾಟ ಉಳಿಸಿಕೊಳ್ಳುವ ವಿಧಾನ ರೂಪಿಸಿದರು. ಮಾರ್ಫನ್ ಇದ್ದ ಇಂಗ್ಲೆಂಡಿನ ಇಂಜಿನಿಯರ್ ಟಾಲ್ ಗೋಲ್ಸ್‌ವರ್ದಿ, ತನ್ನದೇ ಅಯೋರ್ಟಾದ ಸ್ಕ್ಯಾನ್ ಇಟ್ಟುಕೊಂಡು ಅದರ ಅಳತೆಗೆ ಹೊರಗಿನಿಂದ ತೊಡಿಸುವ ಜಾಳಿಗೆಯ ಕವಚ ವಿನ್ಯಾಸ ಮಾಡಿದರು. 2004ರಲ್ಲಿ ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ಅದನ್ನು ಮೊದಲು ತೊಡಿಸಿದ್ದು ಅವರಿಗೇ. ಮೊದಲೇ ಯೋಜಿಸಿ ಮಾಡುವ ಇಂಥ ಆಪರೇಷನ್‌ಗೂ, ಸೀಳಿದ ಮೇಲೆ ನಡುರಾತ್ರಿ ಆಂಬುಲೆನ್ಸಿನಲ್ಲಿ ಊರಿಂದೂರಿಗೆ ಓಡಿ ಮಾಡಿಸುವುದಕ್ಕೂ ಬದುಕುವ ಸಾಧ್ಯತೆಯಲ್ಲಿ ಅಜಗಜಾಂತರ. ಆ ಓಟ ಬಂದೇಬಂದರೂ ಬಾಗಿಲಲ್ಲಿ ಎದುರಾಗುವ ಡ್ಯೂಟಿ ಡಾಕ್ಟರಿಗೆ ಮೊದಲ ಮಾತು ಇದೇ ಇರಲಿ: ‘ಇವರ ತಂದೆಗೂ ಅಯೋರ್ಟಾ ಸೀಳಿತ್ತು, ಸಿಟಿ ಮಾಡಿ.’

ತಪಾಸಣೆಯಿಂದ ಬರುವುದು ಕೆಟ್ಟ ಸುದ್ದಿಯೊಂದೇ ಅಲ್ಲ. ಮನೆಯ ದೋಷ ಯಾವುದೆಂದು ಖಚಿತವಾಗಿ ಗೊತ್ತಿದ್ದಾಗ ಪ್ರತಿ ಮಗುವಿಗೆ ಅದು ಬಾರದಿರುವ ಸಾಧ್ಯತೆಯೂ ಅರ್ಧ. ರಕ್ತ ಪರೀಕ್ಷೆಯಲ್ಲಿ ಅದಿಲ್ಲ ಎಂದು ಬಂದ ತಂಗಿ ಕೆಲವು ವರ್ಷಗಳಿಗೊಮ್ಮೆ ಎಕೋಗೆ ಓಡಬೇಕಿಲ್ಲ, ಮಾತ್ರೆ ನುಂಗಬೇಕಿಲ್ಲ, ಬಸುರಾಗಲು ಅಂಜಬೇಕಿಲ್ಲ. ಮನೆಯ ಆ ದೋಷ ಅವಳ ಮಕ್ಕಳಿಗೆ ಅವಳಿಂದ ಹೋಗುವುದೂ ಇಲ್ಲ.